ಯಾವ ಬಾಳೆ ಸ್ವಾಮಿ?

ಹೊಟ್ಟೆ ಕಟ್ಟಿದೆ ಎಂದು ಹೇಳಿಕೊಂಡವರಿಗೆ ಸಿಗುವ ಮೊದಲ ಸಲಹೆ: ‘ರಾತ್ರಿ ಊಟ ಆದಮೇಲೆ ಒಂದು ಬಾಳೆಹಣ್ಣು ತಿನ್ನಿ, ನಾರು ಸಿಗುತ್ತೆ.’ ಸಕ್ಕರೆ ಕಾಯಿಲೆ ಬಂದಿದೆ ಎಂದವರಿಗೆ ಸಿಗುವ ಮೊದಲ ಸಲಹೆ: ‘ಬಾಳೆಹಣ್ಣು ಮಾತ್ರ ಮುಟ್ಟಲೇಬೇಡಿ.’ ಎರಡನ್ನೂ ಹೇಳುವ ಬಾಯಿ ಬಹುಪಾಲು ಒಂದೇ. ಆದರೆ ಎರಡನ್ನೂ ಹೇಳುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಯಾವ ಬಾಳೆ? ಎಷ್ಟು ಮಾಗಿದ್ದು? ಗಿಡದ ಯಾವ ಭಾಗ? ಅದನ್ನು ವಾಟ್ಸ್ಆ್ಯಪ್ ವೈದ್ಯರು ಕೇಳುವುದಿಲ್ಲ, ವಾರಪತ್ರಿಕೆಗಳ ಆರೋಗ್ಯ ಅಂಕಣಗಳು ಕೇಳುವುದಿಲ್ಲ, ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪಥ್ಯದ ಪಟ್ಟಿಯೂ ಕೇಳುವುದಿಲ್ಲ. ಬಾಳೆಹಣ್ಣು ಎಂದರೆ ಬಾಳೆಹಣ್ಣು, ಮುಗಿಯಿತು.

ಮಾದಿಹಳ್ಳಿಯಂಥ ಕಡೆಯೂ ಇದು ನಡೆಯುತ್ತದೆ ಎಂಬುದು ಸೋಜಿಗ. ಬೇಲೂರು ತಾಲ್ಲೂಕಿನ ಈ ಹೋಬಳಿ ಅತ್ತ ಅರೇಹಳ್ಳಿ, ಬಿಕ್ಕೋಡಿನ ಕಾಫಿ ಸೀಮೆಯೂ ಅಲ್ಲ, ಇತ್ತ ಅರಸೀಕೆರೆಯ ಅಪ್ಪಟ ಬಯಲೂ ಅಲ್ಲ. ತೆಂಗು, ಅಡಿಕೆ ಸಾಲುಗಳ ನಡುವೆ ಬಾಳೆ ಕಂದು ಊರುವುದು ಈ ಸುತ್ತಿನವರಿಗೆ ಹೊಸದೇನಲ್ಲ. ಮದುವೆ ಮನೆಯ ತಾಂಬೂಲಕ್ಕೆ ಪಚ್ಚಬಾಳೆ ತಂದಿಟ್ಟು ನೋಡಿ, ಹಿರಿಯರು ಮುಖ ಸಿಂಡರಿಸುತ್ತಾರೆ, ಏಲಕ್ಕಿಯೇ ಆಗಬೇಕು. ಬಜ್ಜಿಗೆ ದಪ್ಪ ಬಾಳೆಕಾಯಿಯೇ ಆಗಬೇಕು, ಚಿಪ್ಸಿಗೆ ನೇಂದ್ರವೇ ಆಗಬೇಕು. ದೇವರಿಗೆ, ಬೀಗರಿಗೆ, ಬಾಣಲೆಗೆ ತಳಿ ನೋಡುವ ಜನ ತಮ್ಮ ಹೊಟ್ಟೆಗೆ ಮಾತ್ರ ‘ಯಾವುದಾದರೇನು’ ಅನ್ನುವುದು ಯಾವ ನ್ಯಾಯ?

ಮೊದಲು ಲೆಕ್ಕ ಹಾಕೋಣ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಣ್ಣಾದ ಬಾಳೆಯ ನೂರು ಗ್ರಾಂ ತಿರುಳಿನಲ್ಲಿ ಇರುವುದು ಎರಡರಿಂದ ಮೂರು ಗ್ರಾಂ. ಸಿಪ್ಪೆ ಸುಲಿದ ಏಲಕ್ಕಿ ಹಣ್ಣು ಸುಮಾರು ಐವತ್ತು ಗ್ರಾಂ ತೂಗುತ್ತದೆ. ಅಂದರೆ ರಾತ್ರಿಯ ಆ ಒಂದು ಹಣ್ಣಿನಿಂದ ಹೊಟ್ಟೆಗೆ ಸೇರುವ ನಾರು ಒಂದು, ಹೆಚ್ಚೆಂದರೆ ಒಂದೂವರೆ ಗ್ರಾಂ. ದಿನದ ಪಾಲು ತುಂಬಬೇಕಾದರೆ ಎರಡು ಡಜನ್ ಹತ್ತಿರ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದರೆ ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು ಎಂದಿದೆ. ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ಮುದ್ದೆ ಉಂಡು ಬೆಳೆದ ಸೀಮೆ ಎರಡು ಹೊತ್ತೂ ಬಿಳಿ ಅನ್ನಕ್ಕೆ ಇಳಿದಾಗ ಕಳೆದುಕೊಂಡದ್ದನ್ನು ಊಟದ ಕೊನೆಯ ಒಂದು ಬಾಳೆಹಣ್ಣು ಭರ್ತಿ ಮಾಡಿಕೊಡುತ್ತದೆ ಎಂದು ನಂಬಿಸಿದವರು ಯಾರು? ಭರ್ತಿಯಾಗಲಿಲ್ಲ ಎಂದು ಗೊತ್ತಾದ ಮೇಲೆ ಅದೇ ಮನೆಯವರು ಮೆಡಿಕಲ್ ಶಾಪಿನಲ್ಲಿ ಇಸಬ್ಗೋಲ್ ಡಬ್ಬ ಕೊಳ್ಳುತ್ತಾರೆ. ಮನೆಯ ಹಿತ್ತಲಲ್ಲಿ ಅಷ್ಟು ಹೊತ್ತಿಗೆ ಬಾಳೆಗಿಡ ಕಡಿದು ಕೊಳೆಯಲು ಬಿಟ್ಟಿರುತ್ತಾರೆ. ಆ ಮಾತಿಗೆ ಆಮೇಲೆ ಬರೋಣ.

ಲೆಕ್ಕಕ್ಕಿಂತ ದೊಡ್ಡ ತಪ್ಪು ‘ನಾರು’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟುವುದು. ಬಾಳೆಯ ಪ್ರತಿ ಜೀವಕೋಶಕ್ಕೂ ಒಂದು ಗೋಡೆ ಇದೆ. ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳು, ಆ ಎಳೆಗಳನ್ನು ಹಿಡಿದಿಡುವ ಹೆಮಿಸೆಲ್ಯುಲೋಸ್, ಸಂದಿಗೊಂದಿಯಲ್ಲೆಲ್ಲ ಪೆಕ್ಟಿನ್ ಎಂಬ ಅಂಟು. ಗಟ್ಟಿಯಾಗಿ ನಿಲ್ಲಬೇಕಾದ ಕಡೆ, ನೀರು ಸಾಗಬೇಕಾದ ನಾಳಗಳಲ್ಲಿ, ಲಿಗ್ನಿನ್. ಪೆಕ್ಟಿನ್ ನೀರಿನಲ್ಲಿ ಲೋಳೆಯಾಗಿ ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗಿಸುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಕರುಳಿನ ಒಳಪದರಕ್ಕೆ ಬೇಕಾದ ಆಮ್ಲಗಳನ್ನು ತಯಾರಿಸುತ್ತವೆ. ಲಿಗ್ನಿನ್ ಇದ್ಯಾವುದನ್ನೂ ಮಾಡುವುದಿಲ್ಲ. ಬಂದ ಹಾಗೇ ಹೋಗುತ್ತದೆ, ಹೋಗುವಾಗ ಮಲದ ಗಾತ್ರ ಹೆಚ್ಚಿಸುತ್ತದೆ. ಯಾವುದು ಎಷ್ಟಿದೆ ಎಂಬುದು ತಳಿಯಿಂದ ತಳಿಗೆ ಬೇರೆ. ಪಚ್ಚಬಾಳೆಯ ಕುಲದ ಬಾಳೆಗಳ ಸಿಪ್ಪೆಯನ್ನೂ ಅಡುಗೆ ಬಾಳೆಯಾದ ಪ್ಲಾಂಟೇನಿನ ಸಿಪ್ಪೆಯನ್ನೂ ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ಲಾಂಟೇನಿನಲ್ಲಿ ಲಿಗ್ನಿನ್ ಹೆಚ್ಚು, ಮೊದಲನೆಯ ಗುಂಪಿನಲ್ಲಿ ಪೆಕ್ಟಿನ್ ಹೆಚ್ಚು ಎಂದು ಕಂಡುಬಂತು. ಹಸಿರಿರಲಿ, ಮಾಗಿರಲಿ, ಪೆಕ್ಟಿನ್ನಿನ ಈ ವ್ಯತ್ಯಾಸ ಹಾಗೇ ಇತ್ತು. ಸಿಪ್ಪೆಯನ್ನು ಯಾರು ತಿನ್ನುತ್ತಾರೆ ಎಂದು ಕೇಳಬಹುದು. ದನ ತಿನ್ನುತ್ತದೆ, ಕೆಲವು ಮನೆಗಳಲ್ಲಿ ಬಾಳೆಕಾಯಿ ಸಿಪ್ಪೆಯ ಚಟ್ನಿಯೂ ಆಗುತ್ತದೆ. ಅದು ಬೇರೆ ಮಾತು.

ಮಾಗುವಾಗ ಏನಾಗುತ್ತದೆ? ಎಥಿಲೀನ್ ಅನಿಲ ಹೊಮ್ಮಿದೊಡನೆ ಕಿಣ್ವಗಳು ಎದ್ದು ಗೋಡೆಯ ಪೆಕ್ಟಿನ್ನನ್ನು ತುಂಡರಿಸತೊಡಗುತ್ತವೆ. ಬೆರಳಿಟ್ಟರೆ ಹಣ್ಣು ಒಳಕ್ಕೆ ಹೋಗುತ್ತದಲ್ಲ, ಅದು ಗೋಡೆ ಕುಸಿದದ್ದರ ಗುರುತು. ಅದರ ಜೊತೆಗೇ ಪಿಷ್ಟ ಸಕ್ಕರೆಯಾಗುತ್ತದೆ. ಹಸಿ ಕಾಯಿಯ ಒಣತೂಕದಲ್ಲಿ ನೂರಕ್ಕೆ ಎಪ್ಪತ್ತು ಪಾಲಿನಷ್ಟಿರುವ ಪಿಷ್ಟ ಪಚ್ಚಬಾಳೆ ಕಳಿಯುವ ಹೊತ್ತಿಗೆ ಬಹುಮಟ್ಟಿಗೆ ಖಾಲಿ. ನೇಂದ್ರದಂಥ ಅಡುಗೆ ಬಾಳೆಗಳಲ್ಲಿ ಹಣ್ಣಾದ ಮೇಲೂ ಒಂದಷ್ಟು ಉಳಿದಿರುತ್ತದೆ. ಹಸಿ ಪಿಷ್ಟಕ್ಕೆ ಒಂದು ವಿಶೇಷ ಗುಣವಿದೆ: ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಕೇಂಬ್ರಿಜ್ಜಿನ ಇಂಗ್ಲಿಸ್ಟ್ ಮತ್ತು ಕಮಿಂಗ್ಸ್ ಇದನ್ನು 1986ರಲ್ಲೇ ಮನುಷ್ಯರಲ್ಲಿ ಅಳೆದು ತೋರಿಸಿದರು. ಅವರ ಪ್ರಯೋಗಕ್ಕೆ ಒಪ್ಪಿದವರು ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡಿದ್ದವರು. ಹಾಗಾಗಿ ಸಣ್ಣ ಕರುಳಿನಿಂದ ಹೊರಬಿದ್ದದ್ದನ್ನು ನೇರವಾಗಿ ಅಳೆಯುವುದು ಸಾಧ್ಯವಾಯಿತು. ಸರಿಯಾಗಿ ಮಾಗದ ಹಣ್ಣಿನ ಪಿಷ್ಟದಲ್ಲಿ ನೂರಕ್ಕೆ ತೊಂಬತ್ತರವರೆಗೆ ಜೀರ್ಣವಾಗದೆ ಹೊರಬಿದ್ದಿತ್ತು. ಹಣ್ಣು ಮಾಗಿದಷ್ಟೂ ಆ ಪಾಲು ಇಳಿಯುತ್ತಿತ್ತು.

ಇನ್ನೊಂದು. ಡೆನ್ಮಾರ್ಕಿನ ಸಂಶೋಧಕರು 1992ರಲ್ಲಿ ಸಕ್ಕರೆ ಕಾಯಿಲೆಯವರಿಗೇ ಬಾಳೆಹಣ್ಣು ತಿನ್ನಿಸಿ ರಕ್ತ ಪರೀಕ್ಷೆ ಮಾಡಿದರು. ದೋರಗಾಯಿಯ ಗ್ಲೈಸೆಮಿಕ್ ಸೂಚ್ಯಂಕ 43, ಅತಿಯಾಗಿ ಕಳಿತದ್ದರದು 74. ಎರಡೂ ಬಾಳೆಹಣ್ಣೇ! ಒಂದೇ ಚಿಪ್ಪಿನ ಹಣ್ಣು ಸೋಮವಾರ ಒಂದು ಆಹಾರ, ಶುಕ್ರವಾರ ಇನ್ನೊಂದು ಆಹಾರ. ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ಅವರಿಗೆ ‘ಮುಟ್ಟಬೇಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ವೈದ್ಯವೋ, ಸೋಮಾರಿತನವೋ? ಕಪ್ಪು ಚುಕ್ಕೆ ಬಿದ್ದು ಕಳಿತ ದೊಡ್ಡ ಹಣ್ಣಿಗೂ ಗಟ್ಟಿಯಾಗಿರುವ ಒಂದು ಪುಟ್ಟ ಹಣ್ಣಿಗೂ ವ್ಯತ್ಯಾಸ ತಿಳಿಸಲು ಎಷ್ಟು ನಿಮಿಷ ಬೇಕು?

ಅಜ್ಜಿಯಂದಿರಿಗೆ ಈ ವ್ಯತ್ಯಾಸ ಗೊತ್ತಿತ್ತು. ಭೇದಿಯಾದರೆ ಬೇಯಿಸಿದ ಬಾಳೆಕಾಯಿ, ಕಟ್ಟಿದ್ದರೆ ಚೆನ್ನಾಗಿ ಕಳಿತ ಹಣ್ಣು. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದಲ್ಲಿ ಬಿಡದೆ ಕಾಡುವ ಭೇದಿಯ ಮಕ್ಕಳಿಗೆ ಅನ್ನದ ಜೊತೆ ಬೇಯಿಸಿದ ಹಸಿರು ಬಾಳೆಕಾಯಿ ಕೊಟ್ಟಾಗ ಬರೀ ಅನ್ನ ಉಂಡವರಿಗಿಂತ ಬೇಗ ಚೇತರಿಸಿಕೊಂಡದ್ದು 2001ರಲ್ಲಿ ವರದಿಯಾಯಿತು. ಪೆಕ್ಟಿನ್ ಬೆರೆಸಿ ಕೊಟ್ಟ ಮಕ್ಕಳಿಗೂ ಹಾಗೇ ಆಯಿತು. ಕಾಯಿ ಬೇರೆ, ಹಣ್ಣು ಬೇರೆ ಎಂಬುದನ್ನು ಪ್ರಯೋಗಾಲಯ ಒಪ್ಪಿದೆ, ಅಡುಗೆಮನೆ ಒಪ್ಪಿದೆ. ಒಪ್ಪದಿರುವುದು ಪಥ್ಯದ ಪಟ್ಟಿ ಒಂದೇ.

ಮಾರುಕಟ್ಟೆ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಗಿರಾಕಿ ಮಾಗುವಿಕೆಯನ್ನು ಅಳೆಯುವುದು ಬಣ್ಣದಿಂದ. ಹಳದಿ ಇದ್ದರೆ ಹಣ್ಣು, ಹಸಿರಿದ್ದರೆ ಕಾಯಿ. ಪಚ್ಚಬಾಳೆಯ ವಿಷಯದಲ್ಲಿ ಇದು ಶುದ್ಧ ಸುಳ್ಳು. ಸುಮಾರು 24 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಅದು ಮಾಗಿದರೆ ಒಳಗೆ ಪಿಷ್ಟವೆಲ್ಲ ಸಕ್ಕರೆಯಾಗಿ ತಿರುಳು ಮೆತ್ತಗಾದರೂ ಸಿಪ್ಪೆಯ ಹಸಿರು ಪೂರ್ತಿ ಹೋಗುವುದಿಲ್ಲ. ಹಿಂದೆ ಅಂಗಡಿಗಳಲ್ಲಿ ತೂಗುತ್ತಿದ್ದ ಹಸಿರು ಹಣ್ಣು ಹಾಗೆ ಮಾಗಿದ್ದೇ. ಪಚ್ಚಬಾಳೆಯ ಕುಲದ್ದೇ ಆದ ಈಗಿನ ಜಿ-9 ತಳಿಯ ನಿಂಬೆ ಹಳದಿ ಶೀತಲ ಕೋಣೆಯ ಕೊಡುಗೆ. ಹದಿನಾರು, ಹದಿನೆಂಟು ಡಿಗ್ರಿಯಲ್ಲಿ ಎಥಿಲೀನ್ ಹಾಯಿಸಿದರೆ ಆ ಬಣ್ಣ. ಅದರಲ್ಲಿ ಅಪರಾಧವೇನಿಲ್ಲ, ನೂರು ಪಿಪಿಎಂವರೆಗೆ ಎಥಿಲೀನ್ ಬಳಸಲು ಕಾನೂನು ಒಪ್ಪಿಗೆ ಇದೆ, ನಿಷೇಧ ಇರುವುದು ಕ್ಯಾಲ್ಸಿಯಂ ಕಾರ್ಬೈಡಿಗೆ. ಆದರೆ ಬಣ್ಣ ನೋಡಿ ಹಣ್ಣು ಕೊಳ್ಳುವವನಿಗೆ ಒಳಗಿನ ಗೋಡೆ ನಿಂತಿದೆಯೋ ಕುಸಿದಿದೆಯೋ ಹೇಗೆ ತಿಳಿಯಬೇಕು? ಏಲಕ್ಕಿಯ ಸಿಪ್ಪೆ ನಮ್ಮ ಸೆಕೆಯಲ್ಲೂ ಚೆನ್ನಾಗಿ ಹಳದಿಯಾಗುತ್ತದೆ. ಒಂದು ತಳಿಯ ಬಣ್ಣದ ಪಾಠ ಇನ್ನೊಂದು ತಳಿಗೆ ಹೊಂದುವುದಿಲ್ಲ ಎಂದು ಯಾವ ಅಂಕಣಕಾರ ಬರೆದಿದ್ದಾನೆ?

ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಿಂದ ಆಗಲೇ ಲೆಕ್ಕ ತೆಗೆದದ್ದಾಯಿತು, ಅದನ್ನೂ ಬಿಡುವ ಹಾಗಿಲ್ಲ. ಹಣ್ಣಾದ ಬಾಳೆಗಳಲ್ಲಿ ಅದು ಮೊಂಥನ್, ಪೂವನ್, ಕೆಂಪು ಬಾಳೆ, ರೊಬಸ್ಟ ಎಂದು ನಾಲ್ಕನ್ನು ಬೇರೆ ಬೇರೆ ತೋರಿಸಿದೆ. ತಳಿ ಮುಖ್ಯ ಎಂದು ಒಪ್ಪಿಕೊಂಡಂತಾಯಿತು. ಆದರೆ ಕರ್ನಾಟಕದ ಮನೆಮನೆಯಲ್ಲಿ ತಿನ್ನುವ ಏಲಕ್ಕಿಗೆ ಅಲ್ಲಿ ಸಾಲಿಲ್ಲ. ನಂಜನಗೂಡು ರಸಬಾಳೆಗೂ ಇಲ್ಲ. ಕಾಡುಬಾಳೆಯ ಎರಡು ಪೂರ್ವಜರ ವಂಶವಾಹಿ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಈ ತಳಿಗಳಾಗಿವೆ: ಪಚ್ಚಬಾಳೆಯಲ್ಲಿ ಒಂದೇ ಪೂರ್ವಜನ ಮೂರು ಪಾಲು, ಏಲಕ್ಕಿಯಲ್ಲಿ ಇಬ್ಬರದೂ ಒಂದೊಂದು, ರಸಬಾಳೆಯಲ್ಲೂ ನೇಂದ್ರದಲ್ಲೂ ಎರಡಕ್ಕೆ ಒಂದು, ಬಜ್ಜಿಯ ಮೊಂಥನ್‌ನಲ್ಲಿ ಒಂದಕ್ಕೆ ಎರಡು. ಇಷ್ಟು ದೂರದ ನೆಂಟರನ್ನು ‘ಬಾಳೆಹಣ್ಣು, ಮಧ್ಯಮ ಗಾತ್ರ, ಒಂದು’ ಎಂಬ ಸಾಲಿನೊಳಗೆ ತುರುಕುವ ಪಥ್ಯಶಾಸ್ತ್ರಕ್ಕೆ ಯಾವ ಮರ್ಯಾದೆ ಕೊಡಬೇಕು?

ಈಗ ಹಿತ್ತಲಿನ ಮಾತು. ಬಾಳೆ ಒಂದು ಸಲ ಮಾತ್ರ ಗೊನೆ ಬಿಡುತ್ತದೆ. ವ್ಯಾಪಾರಿ ಬಂದು ಗೊನೆ ಕಡಿದು ಗಾಡಿಗೆ ಹಾಕಿಕೊಂಡ ಮೇಲೆ ಗಿಡವನ್ನು ಮಚ್ಚಿನಲ್ಲಿ ಮೂರು ತುಂಡು ಮಾಡಿ ತೆಂಗಿನ ಬುಡಕ್ಕೆ ಎಳೆಯುತ್ತಾರೆ. ಮೂತಿ ಮೊದಲೇ ಮುರಿದು ಬಿಸಾಡಿರುತ್ತಾರೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಏಲಕ್ಕಿ ಬಾಳೆಯ ಹೂವು ಮತ್ತು ಕಾಂಡವನ್ನೇ ಒಣಗಿಸಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೂವಿನ ಪುಡಿಯಲ್ಲಿ ನಾರು ನೂರಕ್ಕೆ 65ಕ್ಕೂ ಹೆಚ್ಚು, ಕಾಂಡದಲ್ಲಿ ಸುಮಾರು 29. ಅದೇ ಸಂಸ್ಥೆ ಅದಕ್ಕೂ ಒಂದು ವರ್ಷ ಮೊದಲು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಇದನ್ನೇ ತಿನ್ನಿಸಿ ರಕ್ತದ ಸಕ್ಕರೆ ತಗ್ಗಿದ್ದನ್ನು ವರದಿ ಮಾಡಿತ್ತು. ಇಲಿಯ ಫಲಿತಾಂಶವನ್ನು ಮನುಷ್ಯನ ಔಷಧಿ ಚೀಟಿಯಾಗಿ ಬರೆಯಬೇಕಿಲ್ಲ. ಆದರೆ ಮೈಸೂರಿನಲ್ಲಿ ಕೂತು, ಏಲಕ್ಕಿ ಎಂದು ಹೆಸರು ಹಿಡಿದು, ಯಾವ ಭಾಗದಲ್ಲಿ ಎಷ್ಟು ಎಂದು ಅಳೆದು ಕೊಟ್ಟದ್ದು ನೂರೈವತ್ತು ಕಿಲೋಮೀಟರ್ ಆಚೆಯ ತೋಟಕ್ಕೆ ಇಷ್ಟು ವರ್ಷವಾದರೂ ಬಂದು ಮುಟ್ಟಿಲ್ಲ ಎಂದರೆ ತೋಟಗಾರಿಕೆ ಇಲಾಖೆಯ ವಿಸ್ತರಣೆ ಎಂಬುದು ಎಲ್ಲಿ ವಿಸ್ತರಿಸುತ್ತಿದೆ?

ದಿಂಡು ಹೆಚ್ಚುವುದನ್ನು ನೋಡಿದವರಿಗೆ ನಾರಿನ ಬಗ್ಗೆ ಭಾಷಣ ಬೇಕಿಲ್ಲ. ಹೊರಪಟ್ಟೆಗಳನ್ನು ಒಂದೊಂದಾಗಿ ಸುಲಿದು ದಂತದ ಬಣ್ಣದ ತಿರುಳು ಸಿಕ್ಕ ಮೇಲೆ ತೆಳ್ಳಗೆ ಬಿಲ್ಲೆ ಕೊಯ್ಯಬೇಕು. ಪ್ರತಿ ಬಿಲ್ಲೆಯ ಹಿಂದೆ ಜೇಡರ ಎಳೆಯಂಥ ನೂಲು ಬಿಡದೆ ಎಳೆಯುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗಬೇಕು. ದಿಂಡು ಮುಗಿಯುವಷ್ಟರಲ್ಲಿ ಬೆರಳಿಗೆ ಉಂಗುರದಷ್ಟು ದಪ್ಪ. ಬಿಲ್ಲೆಗಳನ್ನು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಬೆರಳಲ್ಲಿ ಅಥವಾ ಕಡ್ಡಿಯಲ್ಲಿ ಒಮ್ಮೆ ತಿರುವಿದರೆ ಉಳಿದ ನೂಲೂ ಸುತ್ತಿಕೊಂಡು ಬರುತ್ತದೆ. ಆಮೇಲೆ ಹೆಸರುಬೇಳೆ ಹಾಕಿ ಕೋಸಂಬರಿ, ಇಲ್ಲವೇ ಪಲ್ಯ. ಇಷ್ಟು ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ ಎನ್ನುವುದು ನಿಜವಿರಬಹುದು. ಹಾಗಿದ್ದರೆ ಪುರುಸೊತ್ತಿಲ್ಲ ಎಂದೇ ಹೇಳಲಿ. ಒಂದು ಹಣ್ಣು ತಿಂದು ನಾರು ತಿಂದೆ ಎಂದು ಹೇಳುವುದು ಬೇಡ.

ಇದಕ್ಕೆ ಎದುರಾಗಿ ಇನ್ನೊಂದು ಗುಂಪು ಹುಟ್ಟಿಕೊಂಡಿದೆ. ಅವರ ಪ್ರಕಾರ ಏಲಕ್ಕಿ ‘ನಾಟಿ’, ಆದ್ದರಿಂದ ಅದರಲ್ಲಿ ಎಲ್ಲ ಇದೆ. ಜಿ-9 ‘ಹೈಬ್ರಿಡ್’, ಆದ್ದರಿಂದ ವಿಷ. ಎರಡೂ ಪೊಳ್ಳು. ಜಿ-9 ಹೈಬ್ರಿಡ್ ಅಲ್ಲ, ಪಚ್ಚಬಾಳೆಯ ಕುಲದಿಂದಲೇ ಆರಿಸಿಕೊಂಡದ್ದು, ಅಂಗಾಂಶ ಕೃಷಿಯಲ್ಲಿ ಸಸಿ ಮಾಡಿದ್ದು. ಏಲಕ್ಕಿಯ ಕಳಿತ ತಿರುಳಿನಲ್ಲೂ ನಾರು ಮುಷ್ಟಿಗಟ್ಟಲೆ ಇಲ್ಲ. ಏಲಕ್ಕಿಯ ನಿಜವಾದ ಅನುಕೂಲ ಸರಳವಾದದ್ದು, ಹಣ್ಣು ಚಿಕ್ಕದು. ಒಂದರಲ್ಲಿ ತಿನ್ನುವ ಸಕ್ಕರೆಯೂ ಕಡಿಮೆ. ಅಷ್ಟು ಹೇಳಿದರೆ ಸಾಕು. ‘ದೇಸಿ’ ಎಂದು ಹಣೆಪಟ್ಟಿ ಕಟ್ಟಿ ಕಿಲೋಗೆ ದುಪ್ಪಟ್ಟು ವಸೂಲಿ ಮಾಡುವವರೂ ‘ಯಾವುದಾದರೇನು’ ಅನ್ನುವವರ ಅಣ್ಣತಮ್ಮಂದಿರೇ. ಅಳೆಯುವ ತೊಂದರೆ ಇಬ್ಬರಿಗೂ ಬೇಡ.

‘ಯಾವುದಾದರೇನು’ ಎಂಬ ಮಾತಿಗೆ ತೋಟ ತೆತ್ತ ಬೆಲೆ ದೊಡ್ಡದು. ಗಿರಾಕಿ ತಳಿ ಕೇಳದಿದ್ದರೆ ವ್ಯಾಪಾರಿ ತೂಕ ಕೇಳುತ್ತಾನೆ, ತೂಕದಲ್ಲಿ ಜಿ-9 ಮುಂದೆ ಏಲಕ್ಕಿ ಗೊನೆ ಅರ್ಧಕ್ಕೆ ನಿಲ್ಲುತ್ತದೆ. ಜಗತ್ತು ಹೀಗೆ ಒಂದೇ ತಳಿಗೆ ಜೋತುಬಿದ್ದದ್ದು ಇದು ಮೊದಲಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದ ರಫ್ತು ಬಾಳೆಯೆಂದರೆ ಗ್ರೋಸ್ ಮಿಶೆಲ್. ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ ಅದನ್ನು ಮುಗಿಸಿತು, 1960ರ ದಶಕದ ಹೊತ್ತಿಗೆ ಆ ಜಾಗಕ್ಕೆ ಪಚ್ಚಬಾಳೆಯ ಕುಲ ಬಂತು. ಈಗ ಅದೇ ಶಿಲೀಂಧ್ರದ ಹೊಸ ರೂಪ ಪಚ್ಚಬಾಳೆಯನ್ನೇ ಹಿಡಿದಿದೆ. ಬಿಹಾರದ ತೋಟಗಳಲ್ಲಿ ಕಾಣಿಸಿಕೊಂಡಿದೆ. ನಂಜನಗೂಡು ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಆದರೆ ಸೊರಗು ರೋಗ ಅದನ್ನು ತನ್ನ ನೆಲದಲ್ಲೇ ಅಪರೂಪ ಮಾಡಿಟ್ಟಿದೆ. ಏಲಕ್ಕಿಯೂ ಆ ರೋಗಕ್ಕೆ ಹೊರತಲ್ಲ ಎಂಬುದು ಬೆಳೆದವರಿಗೆಲ್ಲ ಗೊತ್ತು. ಪ್ರಮಾಣಪತ್ರ ಗೋಡೆಗೆ, ಕಂದು ಬೆಂಕಿಗೆ. ಇದೇನಾ ತಳಿ ಸಂರಕ್ಷಣೆ?

ಶಾಲೆಯ ಕಡೆ ನೋಡಿದರೂ ಇದೇ ಕಥೆ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು ಒಂದು. ಅದು ಇದಕ್ಕೆ ಹೇಗೆ ಬದಲಿಯಾಯಿತು ಎಂಬುದೇ ಮೊದಲ ಪ್ರಶ್ನೆ. ನಾರಿಗಾಗಿ ಎಂದು ಸಮರ್ಥಿಸಿಕೊಂಡರೆ ಎರಡನೇ ಪ್ರಶ್ನೆ ಏಳುತ್ತದೆ: ಯಾವ ಬಾಳೆ, ಎಷ್ಟು ಮಾಗಿದ್ದು ಎಂದು ಎಷ್ಟು ಎಸ್‌ಡಿಎಂಸಿ ಸಭೆಗಳಲ್ಲಿ ಯಾರಾದರೂ ಎದ್ದು ಕೇಳಿದ್ದಾರೆ?

ಕೇಳಿದರೆ ಬದಲಾವಣೆ ಆಗುತ್ತದೆ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆ ಇದೆ. ಕೊರೊನಾ ಕಾಲದಲ್ಲಿ ಬಾಳೆಗೆ ಬೆಲೆ ಬಿದ್ದಾಗ ಪುತ್ತೂರಿನ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆ ಬಾಳೆಕಾಯಿ ಹುಡಿಯ ಆಂದೋಲನ ಎಬ್ಬಿಸಿದರು. ಸಿಪ್ಪೆ ತೆಗೆದು, ಹೆಚ್ಚಿ, ಒಣಗಿಸಿ, ಬೀಸಿದರೆ ಹುಡಿ. ‘ಬಾಕಾಹು’ ಎಂದು ಅದಕ್ಕೊಂದು ಹೆಸರೂ ಬಂತು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಅದರಲ್ಲಿ ದೋಸೆ, ಜಾಮೂನು ಮಾಡಿದ್ದು 2021ರ ಜುಲೈನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ವರೆಗೆ ಹೋಯಿತು. ಕರಾವಳಿ, ಮಲೆನಾಡಿನ ಹೆಂಗಸರಿಗೆ ಆದದ್ದು ಬೇಲೂರು, ಅರಸೀಕೆರೆಯ ಸ್ವಸಹಾಯ ಸಂಘಗಳಿಗೆ ಯಾಕೆ ಆಗಬಾರದು? ಒಣಗಿಸಲು ಈ ಕಡೆ ಬಿಸಿಲಿಗೇನು ಬರವೇ?

ಆಗಬೇಕಾದ್ದು ಕಷ್ಟದ್ದೇನಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ಮುಂದಿನ ಕೋಷ್ಟಕದಲ್ಲಿ ಏಲಕ್ಕಿ, ರಸಬಾಳೆ, ನೇಂದ್ರವನ್ನು ಕಾಯಿ, ದೋರಗಾಯಿ, ಕಳಿತ ಹಣ್ಣು ಎಂದು ಮೂರು ಹಂತದಲ್ಲಿ ಅಳೆದು ಸೇರಿಸಲಿ. ಕೆಲಸಕ್ಕೆ ಬೇಕಾದ ಪ್ರಯೋಗಾಲಯ ಮೈಸೂರಿನಲ್ಲೇ ಇದೆ. ಹಣ್ಣಿನ ಅಂಗಡಿಗಳು ದರದ ಹಲಗೆಯಲ್ಲಿ ‘ಬಾಳೆಹಣ್ಣು’ ಎಂದು ಬರೆಯುವುದನ್ನು ನಿಲ್ಲಿಸಿ ತಳಿಯ ಹೆಸರು ಬರೆಯಲಿ, ಪಕ್ಕದಲ್ಲಿ ಬಾಳೆದಿಂಡು, ಬಾಳೆಮೂತಿ ಇಡಲಿ. ವೈದ್ಯರು ಪಥ್ಯದ ಪಟ್ಟಿಯಿಂದ ‘ಬಾಳೆಹಣ್ಣು’ ಎಂಬ ಆ ಒಂದು ಸಾಲನ್ನು ಹೊಡೆದುಹಾಕಿ ಮೂರು ಸಾಲು ಬರೆಯಲಿ. ರೋಗಿಗಳು ಬಿಡದೆ ಕೇಳಲಿ: ಯಾವ ಬಾಳೆ ಸ್ವಾಮಿ, ಎಷ್ಟು ಮಾಗಿದ್ದು, ಎಷ್ಟು ದೊಡ್ಡದು? ತೋಟಗಾರಿಕೆ ಇಲಾಖೆ ಸಹಾಯಧನ ಕೊಡುವಾಗ ರೋಗವಿಲ್ಲದ ಏಲಕ್ಕಿ ಕಂದು ಮೊದಲು ಕೊಡಲಿ, ಜಿ-9 ಆಮೇಲೆ. ಮಾದಿಹಳ್ಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಗೊಬ್ಬರ, ಔಷಧಿಯ ಪಟ್ಟಿಯ ಪಕ್ಕ ಇನ್ನೊಂದು ಹಾಳೆ ಅಂಟಿಸಲು ಜಾಗ ಇದ್ದೇ ಇರುತ್ತದೆ. ಹೂವಿನಲ್ಲಿ ಎಷ್ಟು, ದಿಂಡಿನಲ್ಲಿ ಎಷ್ಟು, ಕಾಯಿಯಲ್ಲಿ ಎಷ್ಟು, ಹಣ್ಣಿನಲ್ಲಿ ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಬರೆದ ಆ ಹಾಳೆ ಮುಂದಿನ ಗೊನೆ ಕಡಿಯುವ ಮೊದಲು ಗೋಡೆಗೆ ಬರಲಿ.